ತೊಟ್ಟಿಲ ಹಗ್ಗ

ಲಕ್ಕಮ್ಮ ತೊಟ್ಟಿಲ ಹಗ್ಗವನ್ನು ಎಡಗೈಯಿಂದ ಕಿತ್ತು ಬಿಸಾಡಿದಳು. ವಾರದಿಂದ ಇದೇ ಗೋಳು. ಸೊಸೆ ಅನುಪಮಾಳಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಲಕ್ವ ಹೊಡೆದು ಲಕ್ಕಮ್ಮನ ಬಲಗೈ ಸೋತಿತ್ತು, ಮಾತು ನಿಂತಿತ್ತು. ಉಳಿದದ್ದು ಹಾಡೊಂದೇ. ತೋವಿನಕೆರೆಯಲ್ಲಿ ಯಾರ ಮನೆಯ ಶಾಸ್ತ್ರಕ್ಕೂ ಅವಳೇ ಹಾಡಬೇಕಿತ್ತಲ್ಲ! ಹಳೆಯ ಪದಗಳು ಸಲೀಸಾಗಿ ಬರುತ್ತಿದ್ದವು. ತನ್ನದೇ ಒಂದು ಮಾತು ಹೇಳಹೋದರೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಅದಕ್ಕೇ ಮಧುಗಿರಿಯಿಂದ ಬರುತ್ತಿದ್ದ ಥೆರಪಿಸ್ಟ್ ಶಶಿರೇಖಾ ಹಾಡನ್ನೇ ಮದ್ದು ಮಾಡಿಕೊಂಡಿದ್ದಳು. "ಬೇಕಾದ್ದನ್ನ ರಾಗದಲ್ಲಿ ಕೇಳಿ" ಎಂದು ಕಲಿಸುತ್ತಿದ್ದಳು. ಬೀಸುಕಲ್ಲಿನ ಗೂಟ ಹಿಡಿಸಿ ಬೀಸುವ ಪದ ಹೇಳಿಸಿದಾಗ ಜಡಗಟ್ಟಿದ್ದ ಕೈ ಅಲುಗಿತು. ಅನುಪಮಾ ಅವತ್ತು ಖುಷಿಗೆ ಪಾಯಸ ಮಾಡಿದ್ದಳು. ಆಮೇಲೆ ಶಶಿರೇಖಾ ಅಟ್ಟದ ಮೇಲಿದ್ದ ಹಳೇ ತೊಟ್ಟಿಲು ಇಳಿಸಿ, ಜೋಗುಳ ಹಾಡುತ್ತ ತೂಗಿ ಅಂದಳು. ಅಲ್ಲಿಗೆ ಕೆಟ್ಟಿತು ನೋಡಿ.

ಕೈಯಷ್ಟೇ ಅಲ್ಲ, ಬುದ್ಧಿಯೂ ಕೆಡುತ್ತಿದೆಯೋ ಏನೋ. ಮೊನ್ನೆ ಅನುಪಮಾ ಪರಂಗಿ ಹಣ್ಣು ಹೆಚ್ಚಿಕೊಂಡು ಕೂತರೆ ಮುದುಕಿ ತಟ್ಟೆಯನ್ನೇ ತಳ್ಳಿಬಿಟ್ಟಳು. ನೀರಿನ ಬಿಂದಿಗೆ ಎತ್ತಹೋದರೆ ಸೆರಗು ಹಿಡಿದು ಜಗ್ಗಿದಳು. ಗಂಡ ಹಾಲೇಶ್ ತಿರುಮಣಿಯ ಸೋಲಾರ್ ಪ್ಲಾಂಟಿನ ಕೆಲಸದಲ್ಲಿದ್ದ. ವಾರಕ್ಕೊಮ್ಮೆ ಮುಖ ತೋರಿಸಿ ಹೋಗುತ್ತಿದ್ದ. ಅತ್ತೆಗೆ ಉಣ್ಣಿಸುವುದು, ಮೀಯಿಸುವುದು, ಹಾಡಿಸುವುದು ಎಲ್ಲ ಇವಳ ಪಾಲಿಗೇ. ಸುಸ್ತಿಗೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು.

"ಇನ್ನೂ ತಡ ಮಾಡಿದ್ರೆ ಕೈ ಮರಗಟ್ಟುತ್ತೆ, ಅನುಪಮಾ. ಆಮೇಲೆ ನನ್ನ ಕೈಲೂ ಏನೂ ಮಾಡೋಕಾಗಲ್ಲ" ಎಂದಳು ಶಶಿರೇಖಾ.

ಅನುಪಮಾ ಹಗ್ಗವನ್ನು ಅತ್ತೆಯ ಬಲಗೈಗೆ ಸುತ್ತಿ, "ಜೋ ಜೋ" ಎಂದು ತಾನೇ ಶುರುಮಾಡಿದಳು. ಲಕ್ಕಮ್ಮ ತುಟಿ ಬಿಗಿದಳು. ತೊಟ್ಟಿಲು ತುಸು ಅಲುಗಿದ್ದೇ ತಡ, ಮೈಯೆಲ್ಲ ಅಡ್ಡ ಹಾಕಿ ಅದನ್ನು ತಡೆದಳು.

ಸೊಸೆಯ ತಾಳ್ಮೆ ಕಿತ್ತುಹೋಯಿತು.

"ನಂಗೊತ್ತು ಬುಡಿ ಅತ್ತೆ! ಮದ್ವೆಯಾಗಿ ಇಷ್ಟ್ ವರ್ಸ ಆದ್ರೂ ಈ ತೊಟ್ಲಿಗೆ ಒಂದ್ ಕೂಸು ಹಾಕ್ಲಿಲ್ಲ ಅಂತ ತಾನೆ ಈ ಹಟ? ಆಸ್ಪತ್ರೆ, ಹರಕೆ ಎಲ್ಲಾ ಆಯ್ತು. ನಾನೇ ಆಸೆ ಬುಟ್ಟು ಸುಮ್ಕಾಗಿದೀನಿ. ನೀವ್ಯಾಕೆ ಹಿಂಗೆ ಹೊಟ್ಟೆ ಉರಿಸ್ತೀರಾ? ನಿಮ್ ಕೈ ನೆಟ್ಟಗಾಗ್ಲಿ ಅಂತ ಒದ್ದಾಡ್ತಿರೋಳು ನಾನಲ್ವಾ?"

ಹೇಳುತ್ತ ಹೇಳುತ್ತ ಅಳು ಒತ್ತರಿಸಿ ಬಂತು. ಶಶಿರೇಖಾ ಮುಜುಗರದಿಂದ ಬಾಗಿಲ ಕಡೆ ನೋಡಿದಳು.

ಲಕ್ಕಮ್ಮ ಅಲ್ಲವೆಂದು ಜೋರಾಗಿ ತಲೆಯಾಡಿಸಿದಳು. ಬಾಯಿ ತೆರೆದಳು, ಮುಚ್ಚಿದಳು. ಅವಳ ಕಣ್ಣಲ್ಲೂ ನೀರು.

"ರಾಗದಲ್ಲಿ, ಲಕ್ಕಮ್ಮೋರೆ. ರಾಗದಲ್ಲಿ ಹೇಳಿ" ಎಂದಳು ಶಶಿರೇಖಾ.

ಮುದುಕಿಯ ಸೋತ ಬಲಗೈ ಮೆಲ್ಲಗೆ ಮೇಲೆದ್ದು ಸೊಸೆಯ ಕೈ ಹಿಡಿಯಿತು. ಜೋಗುಳದ ಧಾಟಿಯಲ್ಲೇ, ಇಷ್ಟು ದಿನದಲ್ಲಿ ಮೊದಲ ಸಲ, ಅವಳದೇ ಮಾತು ಹೊರಟಿತು:

"ಬರೀ ತೊಟ್ಲು... ತೂಗ್ಬಾರ್ದು ಕಣಮ್ಮಾ... ನೀನೀಗ ಬಸ್ರೀ..."