ಪಿಚರ್‌ನನ್ನು ಕೇಳಬಾರದು

"ಪಿಚರ್ ಹತ್ರ ಹೋಗಿ 'ಹೇಗಿದೀಯಪ್ಪ' ಅಂತ ಕೇಳ್ತಾನಲ್ಲ, ಅವನೂ ಒಬ್ಬ ಮ್ಯಾನೇಜರಾ?" ಕ್ಲೆಮ್ ಪತ್ರಿಕೆಯನ್ನು ಮೇಜಿನ ಮೇಲೆ ಬಡಿದ. ಡೋನಟ್ ಅಂಗಡಿಯಲ್ಲಿದ್ದ ನಾಲ್ಕಾರು ಜನ ತಿರುಗಿ ನೋಡಿ, ಕ್ಲೆಮ್ ತಾನೇ ಎಂದು ಮತ್ತೆ ತಮ್ಮ ತಮ್ಮ ಕಾಫಿಗೆ ಮರಳಿದರು. ಹಿಂದಿನ ದಿನ ಊರಿನ ಬೇಸ್‌ಬಾಲ್ ತಂಡ ಹೆರನ್ಸ್ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಸೋತಿತ್ತು. ಏಳನೇ ಇನಿಂಗ್ಸ್‌ನಲ್ಲಿ ಎರಡು ರನ್ ಮುಂದಿದ್ದಾಗ, ಚೆಂಡೆಸೆಯುವ ಪಿಚರ್, ಮೂವತ್ತೊಂಬತ್ತರ ಹ್ಯಾಗರ್ಟಿಯ ತೋಳು ಸೋತಿರುವುದು ಟಿವಿ ಮುಂದೆ ಮಲಗಿದ್ದ ಬೆಕ್ಕಿಗೂ ಗೊತ್ತಾಗುವಂತಿತ್ತು. ಮ್ಯಾನೇಜರ್ ಮೈದಾನದ ನಡುವಿಗೆ ನಡೆದುಹೋದ, ಅವನನ್ನು ಏನೋ ಕೇಳಿದ, ಬೆನ್ನು ತಟ್ಟಿ ವಾಪಸ್ಸು ಬಂದ. ಮುಂದಿನ ಎಸೆತ ಬೇಲಿ ದಾಟಿತು. ಎದುರಾಳಿಗೆ ಮೂರು ರನ್ ಒಟ್ಟಿಗೇ ಬಂದವು.

"ಹದಿನೆಂಟು ವರ್ಷ ಈ ಊರಿಗೆ ಆಡಿದೋನು ಕಣೋ," ಎಂದ ಎದುರಿಗೆ ಕೂತಿದ್ದ ಗೆಳೆಯ ವರ್ನನ್. "ಅಷ್ಟು ಜನರ ಮುಂದೆ ಕೈಯಿಂದ ಚೆಂಡು ಕಿತ್ಕೊಂಡು ಹೊರಗೆ ಕಳಿಸೋದಾ? ಅವನಿಗೂ ಮಾನ ಇಲ್ವಾ?"

"ಮಾನ ನೋಡ್ತಾ ಕೂತ್ರೆ ಪಂದ್ಯ ಯಾರು ಗೆಲ್ತಾರೆ, ನಿಮ್ಮಜ್ಜೀನಾ?"

ಕ್ಲೆಮ್‌ನ ಮಗಳು ರೋಂಡಾ ಇಬ್ಬರ ನಡುವೆ ಕೂತಿದ್ದಳು. ಆಸ್ಪತ್ರೆಯ ಕೆಲಸಕ್ಕೆ ರಜೆ ಹಾಕಿ ಅವಳು ಬಂದದ್ದು ಬೇಸ್‌ಬಾಲ್ ಮಾತಿಗಲ್ಲ, ಅಪ್ಪನ ಕಾರಿನ ಕೀ ಇಸಿದುಕೊಳ್ಳುವುದಕ್ಕೆ. ಮೂವತ್ತೊಂದು ವರ್ಷ ನಗರದ ಬಸ್ಸು ಓಡಿಸಿ, ಒಂದು ಗೀರೂ ಬೀಳದಂತೆ ನಿವೃತ್ತನಾಗಿದ್ದ ಮನುಷ್ಯ, ಈಗ ಎಪ್ಪತ್ತೆಂಟರಲ್ಲಿ, ಕಳೆದ ಗುರುವಾರ ಏಕಮುಖ ರಸ್ತೆಯೊಳಕ್ಕೆ ಎದುರಿನಿಂದ ನುಗ್ಗಿದ್ದ. ಶಾಲೆಯ ವ್ಯಾನೊಂದು ಫುಟ್‌ಪಾತ್ ಹತ್ತಿ ತಪ್ಪಿಸಿಕೊಂಡಿತ್ತು. ಬೆಳಿಗ್ಗೆಯಿಂದ ರೋಂಡಾ ಎರಡು ಸಲ ಮಾತು ತೆಗೆದಿದ್ದಳು. "ನಾನು ಚೆನ್ನಾಗೇ ಇದೀನಿ" ಎಂದು ಎರಡು ಸಲವೂ ಅವನು ಪತ್ರಿಕೆಯ ಪುಟ ತಿರುವಿದ್ದ. ಅವಳಿಗೆ ವಿಷಯ ಹೇಗೆ ಮುಟ್ಟಿತೆಂದು ಕೇಳಲೂ ಇಲ್ಲ. ಪೊಲೀಸರು ತಿಳಿಸಿರಬೇಕು ಅಂದುಕೊಂಡಿದ್ದ. ಕೀ ಅವನ ಕಾಫಿ ಲೋಟದ ಪಕ್ಕದಲ್ಲೇ ಬಿದ್ದಿತ್ತು. ಕಸಿದುಕೊಳ್ಳಲು ಅವಳಿಗೆ ಮನಸ್ಸು ಬಂದಿರಲಿಲ್ಲ.

"ತೋಳು ಸರಿಯಾಗಿದೆ ಅಂತ ಹ್ಯಾಗರ್ಟೀನೇ ಅಂದ್ನಂತಲ್ಲೋ," ವರ್ನನ್ ಬಿಡಲಿಲ್ಲ.

"ಅನ್ನದೆ ಇನ್ನೇನಂತಾನೆ? ತೋಳು ಕಳಚಿ ನೆಲಕ್ಕೆ ಬಿದ್ರೂ ಪಿಚರ್ ಆದೋನು ಚೆನ್ನಾಗಿದೀನಿ ಅಂತಾನೆ. ಸುಳ್ಳು ಹೇಳ್ತಾನೆ ಅಂತಲ್ಲ, ಅವನು ಅದನ್ನ ನಂಬಿರ್ತಾನೆ. ಅದಕ್ಕೇ ಪಿಚರ್‌ನ ಕೇಳಬಾರದು."

"ಮತ್ಯಾರನ್ನ ಕೇಳ್ಬೇಕಪ್ಪ?" ರೋಂಡಾ ನಡುವೆ ಬಾಯಿ ಹಾಕಿದಳು.

ಐವತ್ತು ದಾಟಿದ ಮೇಲಾದರೂ ಮಗಳಿಗೆ ಆಟದ ರುಚಿ ಹತ್ತಿತಲ್ಲ ಎಂದು ಕ್ಲೆಮ್‌ಗೆ ಖುಷಿಯಾಯಿತು. ಕುರ್ಚಿಯನ್ನು ಅವಳತ್ತ ಎಳೆದುಕೊಂಡ. "ಕ್ಯಾಚರ್‌ನ, ಮಗಳೇ. ಎದುರಿಗೆ ಕುಕ್ಕರಗಾಲಲ್ಲಿ ಕೂತು ಒಂದೊಂದು ಎಸೆತಾನೂ ಹಿಡಿಯೋನು ಅವನು. ಬಿರುಸು ಇಳಿದಿದೆ ಅಂತ ಮೊದಲು ಗೊತ್ತಾಗೋದು ಅವನ ಅಂಗೈಗೆ. ಒಳ್ಳೇ ಮ್ಯಾನೇಜರು ಕ್ಯಾಚರ್‌ನ ಒಂದು ಮಾತು ಕೇಳ್ತಾನೆ, ಪಿಚರ್ ಮುಂದೆ ಹೋಗಿ ಚೆಂಡಿಗೆ ಕೈ ಚಾಚ್ತಾನೆ. ಮುಗೀತು."

"ಕ್ಯಾಚರ್ ಹೇಳಿಬಿಡ್ತಾನಾ? ಇಬ್ರೂ ಸ್ನೇಹಿತರಲ್ವಾ?"

"ಸ್ನೇಹಿತ ಆದ್ರೆ ಹೇಳ್ಲೇಬೇಕು. ಹೇಳದೆ ಇದ್ರೆ ಅವನೆಂಥಾ ಸ್ನೇಹಿತ?"

ವರ್ನನ್ ತಲೆ ಬಗ್ಗಿಸಿ ಡೋನಟ್ ಮೇಲಿನ ಸಕ್ಕರೆಯನ್ನು ಉಗುರಿನಿಂದ ಕೆರೆಯತೊಡಗಿದ. ಇನ್ನೂ ಒಂದು ತುಂಡೂ ಮುರಿದಿರಲಿಲ್ಲ.

"ನಾನೂ ಕ್ಯಾಚರ್‌ನೇ ಕೇಳ್ದೆ ಅಪ್ಪ," ಎಂದಳು ರೋಂಡಾ.

ಕ್ಲೆಮ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗುರುವಾರ ಕಾರಿನಲ್ಲಿ ಅವನ ಪಕ್ಕದಲ್ಲಿದ್ದವನು ಒಬ್ಬನೇ. ಎಡಗೈಗೆ ಲಕ್ವ ಹೊಡೆದ ಮೇಲೆ ಅಂಗಡಿಗೆ, ಚರ್ಚಿಗೆ, ಕ್ರೀಡಾಂಗಣಕ್ಕೆ, ಎಲ್ಲಿಗೆ ಹೋಗಬೇಕಾದರೂ ಕ್ಲೆಮ್‌ನ ಕಾರನ್ನೇ ನೆಚ್ಚಿಕೊಂಡಿದ್ದ ವರ್ನನ್.

"ನೀನೇನೋ?"

"ಆ ವ್ಯಾನಲ್ಲಿ ಮಕ್ಕಳಿದ್ರು ಕಣೋ."

"ಮತ್ತೆ ಇಷ್ಟು ಹೊತ್ತು ಹ್ಯಾಗರ್ಟಿ ಪರ ಬಡ್ಕೊಂಡೆಯಲ್ಲ!"

"ಹೇಳಿದ ಮೇಲೆ ನಿದ್ದೆ ಬಂದಿಲ್ಲ," ಎಂದ ವರ್ನನ್. "ಇನ್ನೊಂದು ಇನಿಂಗ್ಸ್ ಬಿಟ್ರೆ ಏನು ಗಂಟು ಹೋಗುತ್ತೆ ಅಂತ ಒಂದು ಆಸೆ. ಅಷ್ಟೇ."

ರೋಂಡಾ ಕೈ ಚಾಚಿದಳು. ಕ್ಲೆಮ್ ಬೈಯಲೆಂದು ಬಾಯಿ ತೆರೆದ; ಯಾರನ್ನು ಬೈಯುವುದೆಂದು ತಿಳಿಯಲಿಲ್ಲ. ಜೀವನದಲ್ಲಿ ಅವನಿಗೆ ಇಷ್ಟು ಅವಮಾನ ಆಗಿರಲಿಲ್ಲ, ಮತ್ತು ಅವಮಾನ ಮಾಡಿದವರು ಯಾರೂ ಕಾಣುತ್ತಿರಲಿಲ್ಲ. ಕೀಯನ್ನು ಮಗಳ ಅಂಗೈಯಲ್ಲಿಟ್ಟು ಎದ್ದ. ಅವಳ ಕಣ್ಣು ತುಂಬಿತು. ಅವನು ಹಟ ಹಿಡಿದು ತನ್ನದನ್ನು ತಡೆದುಕೊಂಡ.

ಹೊರಗೆ ರೋಂಡಾ ಮುಂದಿನ ಸೀಟಿನ ಬಾಗಿಲು ತೆರೆದು ನಿಂತಳು. ಕ್ಲೆಮ್ ಕಾಣದವನಂತೆ ಹಿಂದಕ್ಕೆ ಹೋಗಿ ವರ್ನನ್ ಪಕ್ಕದಲ್ಲಿ ಕೂತ. ಕಾರು ಎರಡು ಬೀದಿ ದಾಟಿತು.

"ಬುಧವಾರದ ಪಂದ್ಯಕ್ಕೆ ಯಾರನ್ನ ಇಳಿಸ್ತಾನಂತೆ ಆ ಮ್ಯಾನೇಜರು?" ಕೊನೆಗೆ ಕ್ಲೆಮ್ ಕೇಳಿದ.

"ಆ ಎಡಗೈ ಪಿಚರ್‌ನ."

"ಅವನನ್ನಾ? ದೇವರೇ ಕಾಪಾಡ್ಬೇಕು."

ಮುಂದೆ, ಸರೋವರದ ರಸ್ತೆಯ ತಿರುವಿನಲ್ಲಿ, ಸಿಗ್ನಲ್ ಕೆಂಪಾಯಿತು. ರೋಂಡಾ ಕಾರಿನ ವೇಗ ತಗ್ಗಿಸುವುದಕ್ಕೆ ಮೊದಲೇ, ಹಿಂದಿನ ಸೀಟಿನಲ್ಲಿ ಕ್ಲೆಮ್‌ನ ಬಲಗಾಲು ಖಾಲಿ ನೆಲವನ್ನು ಬಲವಾಗಿ ಒತ್ತಿತು.