ಗಾಡಿಯ ಹಣೆ

"ಚಾಸಿ ನಂಬರೇ ಕಾಣ್ತಿಲ್ಲ, ಯಜಮಾನ್ರೆ. ನಂಬರ್ ಕಾಣದ ಗಾಡಿ ಒಳಗೆ ತಗಳಂಗಿಲ್ಲ," ಎಂದ ಅಂಜನ್ ಕುಮಾರ್, ಟೆಂಪೊದ ಮುಂದಿನ ಗಾಲಿಯ ಪಕ್ಕದಿಂದ ತಲೆ ಹೊರಗೆಳೆದು. ಹರಿಹರದ ದಾರಿಯ ಗುಜರಿ ಕೇಂದ್ರದಲ್ಲಿ ಹಳೆಯ ಗಾಡಿಗಳನ್ನು ನೋಡಿ ಒಳಗೆ ಬಿಡುವವನು ಅವನೇ.

ಟೆಂಪೊದ ಒಡೆಯ ಕೆಂಚವೀರಪ್ಪ ಗಾಲಿಯ ಹತ್ತಿರ ಓಡಿ ಬಂದ. ಹೊಗೆ ಕಾರುವ ಹಳೆಯ ಗಾಡಿಯನ್ನು ಇಲ್ಲಿ ಒಪ್ಪಿಸಿ ಸರ್ಟಿಫಿಕೇಟ್ ಪಡೆದರೆ ಹೊಸದರ ತೆರಿಗೆಯಲ್ಲಿ ಸರ್ಕಾರ ರಿಯಾಯಿತಿ ಕೊಡುತ್ತದೆ. ಅದನ್ನೇ ನಂಬಿ ಹೊಸ ಲಗೇಜ್ ಆಟೊ ಗೊತ್ತು ಮಾಡಿ, ಇದನ್ನು ಎಳೆಸಿಕೊಂಡು ಬಂದಿದ್ದ. ಬಗ್ಗಿ ನೋಡಿದರೆ, ಚಾಸಿಯ ಕಬ್ಬಿಣದಲ್ಲಿ ನಂಬರ್ ಕೆತ್ತಿದ ಜಾಗದ ಮೇಲೆ ವಿಭೂತಿ, ಕುಂಕುಮ, ಎಣ್ಣೆ, ಧೂಳು ಎಲ್ಲ ಸೇರಿ ಬೆರಳು ದಪ್ಪ ಹೆಪ್ಪುಗಟ್ಟಿ ಕೂತಿದೆ.

ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ಹೆಂಡತಿ ಅಂಜಿನವ್ವ ಪಕ್ಕದಲ್ಲೇ ನಿಂತಿದ್ದಳು. ಗಾಡಿ ಮಲೆಬೆನ್ನೂರಿನ ಭತ್ತ ಹೊತ್ತು ಓಡುವಾಗ ವರ್ಷಕ್ಕೊಮ್ಮೆ, ಆಯುಧಪೂಜೆಗೆ ಹಚ್ಚುತ್ತಿದ್ದಳು. ಅದು ಸೋತು ನಿಟ್ಟುವಳ್ಳಿಯ ಮನೆ ಮುಂದೆ ನಿಂತ ಈ ಮೂರು ವರ್ಷ, ಪ್ರತಿ ಸೋಮವಾರ.

"ಬಾನೆಟ್ ಮ್ಯಾಲೆ ಜಾಗ ಇರಲಿಲ್ಲೇನು? ಹೋಗಿ ಹೋಗಿ ಅಲ್ಲೇ ಯಾಕ ಬಳಿದೆ?"

"ಬರಹ ಇರೋದು ಹಣೆ ಮ್ಯಾಲೆ ಅಲ್ಲೇನ್ರಿ? ಅದೇ ಅದರ ಹಣೆ ಅಂದ್ಕಂಡೆ."

ಅಂಜನ್ ಕುಮಾರ್ ನಗುತ್ತಾ ತಂತಿ ಬ್ರಷ್ ತಂದ. ಅಂಜಿನವ್ವ ಮುಟ್ಟಗೊಡಲಿಲ್ಲ. ಚಹಾದಂಗಡಿಯಿಂದ ಬಿಸಿನೀರು ತರಿಸಿದಳು. ಕೆಳಗೊಂದು ಬೋಗುಣಿ ಇಟ್ಟು, ಗಂಡನ ಹೆಗಲ ಟವೆಲ್ಲು ಎಳೆದುಕೊಂಡು, ಕಣ್ಣು ಅಂಟಿದ ಕೂಸಿನ ಮುಖ ಒರೆಸುವ ಹಾಗೆ ನೆನೆಸಿ ನೆನೆಸಿ ಒರೆಸಿದಳು. ಅರ್ಧ ಗಂಟೆಯಲ್ಲಿ ಒಂದೊಂದೇ ಅಂಕಿ ಕಣ್ಣು ಬಿಟ್ಟಿತು. ಅಂಜನ್ ಕುಮಾರ್ ಆರ್.ಸಿ. ಪುಸ್ತಕ ಹಿಡಿದು ಓದುತ್ತಾ ಹೋಗಿ, ಕೊನೆಯ ಅಂಕಿಗೂ ತಲೆಯಾಡಿಸಿದ. ಪೂಜೆಯ ನೀರನ್ನು ಯಾರೂ ತುಳಿಯಬಾರದೆಂದು ಆಕೆ ಬೋಗುಣಿ ಎತ್ತಿಕೊಂಡು ಹೋಗಿ ಗೇಟಿನ ಬೇವಿನ ಬುಡಕ್ಕೆ ಹೊಯ್ದು ಬಂದಳು.

ಕಾಗದಕ್ಕೆ ಸಹಿ ಬಿತ್ತು. ಗಾಡಿಯನ್ನು ಒಳಗೆ ನೂಕಲು ಇಬ್ಬರು ಆಳುಗಳು ಬಂದು ನಿಂತರು.

"ನಂಬರ್ ಬರ್ಕಂಡಾತಲ್ಲಪ್ಪ?" ಎಂದು ಅಂಜಿನವ್ವ ಅಂಜನ್ ಕುಮಾರನನ್ನು ಮೆಲ್ಲಗೆ ಕೇಳಿದಳು. "ಬರೇ ಹಣೇಲಿ ಹೆಂಗೆ ಕಳಿಸೋದು?"

ಅಲ್ಲಿಯವರೆಗೂ ಗೊಣಗುತ್ತಲೇ ಇದ್ದ ಕೆಂಚವೀರಪ್ಪ ಆಕೆಯ ಎಲೆಯಡಿಕೆ ಚೀಲಕ್ಕೆ ಕೈಹಾಕಿ ವಿಭೂತಿಗಟ್ಟಿ ತೆಗೆದ. ಒದ್ದೆ ಅಂಗೈಯಲ್ಲಿ ತೇಯ್ದು, ಗಾಲಿಯ ಪಕ್ಕ ಮಂಡಿಯೂರಿ, ಮೂರು ಬೆರಳಿನಿಂದ ಮೂರು ಎಳೆ ಎಳೆದ, ನಂಬರಿನ ಮೇಲ್ಗಡೆ, ಒಂದಂಕಿಯೂ ಮುಚ್ಚದ ಹಾಗೆ.