ಮೋರಿಯ ಮೇಲಿನ ಹಸಿ ಟೊಂಗೆ

“ನಿಲ್ಸಾ ತಮಾ, ನಿಲ್ಸು! ಟೊಂಗೆ ನೆಟ್ಟಿದಾರೆ!” ಹಿಂದಿನ ಸೀಟಿನಿಂದ ದ್ಯಾವಮ್ಮ ಕೂಗಿದಳು.

ಮಗ ಉಲ್ಲಾಸ ಜೀಪಿನ ಬ್ರೇಕು ಒತ್ತಿದ. ಶಿರಸಿಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಭೈರುಂಬೆ ಊರಿಗೆ ಮೊದಲು ಸಿಗುವ ಹಳ್ಳದ ಮೋರಿ. ರಸ್ತೆಯ ನಟ್ಟನಡುವೆ ಮತ್ತಿ ಮರದ ಹಸಿ ಟೊಂಗೆಗಳು. ರಸ್ತೆ ಕುಸಿದಲ್ಲಿ ಟೊಂಗೆ ನೆಡುವುದು ಈ ಕಡೆಯವರ ಪದ್ಧತಿ. ಅದನ್ನು ಕಂಡವರು ಇಳಿದು ನೋಡುವುದಿಲ್ಲ, ಗಾಡಿ ತಿರುಗಿಸುತ್ತಾರೆ. ಬದಿಯಲ್ಲೊಂದು ಹಾರೆ ಬಿದ್ದಿತ್ತು. ಆಳು ಕಾಣಲಿಲ್ಲ. ವಾರದ ಮಳೆಗೆ ತುಂಬಿದ ಹಳ್ಳ ಕೆಳಗೆ ಮೊರೆಯುತ್ತಿತ್ತು.

ದ್ಯಾವಮ್ಮ ಸೊಸೆಯನ್ನು ಕೇಳಿದಳು, “ನಿನ್ನಪ್ಪ ಬೆಳಿಗ್ಗೆ ಫೋನಲ್ಲಿ ಎಂತ ಹೇಳಿದ್ದ? ‘ಧೈರ್ಯದಲ್ಲಿ ಬನ್ನಿ, ಮೋರಿ ನಾ ನೋಡ್ಕಳ್ತೆ’ ಅಂದಿದ್ನಲ್ಲ? ನೋಡ್ಕಂಡ ಚಂದ ಕಾಣ್ತಾ?”

ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಹೆರಿಗೆ ನೋವಿನಲ್ಲಿ ನರಳುತ್ತಿದ್ದ ಸೌಮ್ಯ ಹಲ್ಲು ಕಚ್ಚಿದಳು. “ಅಪ್ಪ ಇಲ್ಲೇ ಎಲ್ಲಾದ್ರೂ ಇರ್ತ. ಒಂದ್ಸಲ ಹಾರನ್ ಹಾಕಿ.”

ಉಲ್ಲಾಸ ಉದ್ದಕ್ಕೆ ಹಾರನ್ ಹಾಕಿದ. ಯಾರೂ ಬರಲಿಲ್ಲ.

“ಆ ಮನುಷ್ಯನ ಮಾತು ನಂಬಿ ಹೊಳೆಗೆ ಬೀಳ್ಬೇಕಿತ್ತು,” ಎಂದು ದ್ಯಾವಮ್ಮ ಗೊಣಗಿದಳು. ಜೀಪು ಬಂದ ದಾರಿಗೇ ತಿರುಗಿತು. ಯಲ್ಲಾಪುರದ ಡಾಂಬರು ರಸ್ತೆ ಹಿಡಿದು, ಸುತ್ತು ಹಾಕಿ ಶಿರಸಿಗೆ.

ಆಸ್ಪತ್ರೆಯಲ್ಲಿ ಸೌಮ್ಯ ಉಳಿದಳು. ಮಗು ಉಳಿಯಲಿಲ್ಲ. ಗಂಡು ಮಗು. “ಒಂದು ತಾಸು ಮೊದಲು ಬಂದಿದ್ದರೆ,” ಎಂದು ಡಾಕ್ಟರು ಮಾತು ಅಲ್ಲಿಗೇ ಬಿಟ್ಟರು.

ಹೆಂಡತಿಯ ಹತ್ತಿರ ತಾಯಿಯನ್ನು ಬಿಟ್ಟು, ಅದೇ ಸುತ್ತು ದಾರಿಯಲ್ಲಿ ಮಗುವನ್ನು ಊರಿಗೆ ತಂದು ಮಣ್ಣು ಮಾಡಿದ ಉಲ್ಲಾಸ, ಅದೇ ಸಂಜೆ ಕೈ ತೊಳೆದವನೇ ಜೀಪು ಹತ್ತಿದ. ಮಾವನ ಮನೆ ಮೋರಿಯ ಆಚೆ ದಡದಲ್ಲಿ. ಈಚೆ ದಡದಿಂದಲೇ ಕೂಗಿ ಕರೆದು ನಾಲ್ಕು ಮಾತು ಕೇಳಿ ಬರಬೇಕು ಎಂದುಕೊಂಡ.

ಕೂಗುವ ಕೆಲಸ ಬೀಳಲಿಲ್ಲ. ಮಾವ ದ್ಯಾಮಪ್ಪ ಟೊಂಗೆಗಳ ಪಕ್ಕದಲ್ಲೇ ಕುಳಿತಿದ್ದ. ಸೊಂಟದವರೆಗೆ ಕೆಸರು. ಬೆರಳುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀಪು ಕಂಡದ್ದೇ ಎದ್ದು ನಿಂತ.

“ಮಾವ, ನಿಮ್ಮ ಮಾತು ಕೇಳಿ...”

“ಬಂದ್ರಾ ಅಳಿಯಂದ್ರೆ! ಎಷ್ಟೊತ್ತು ಮಾಡಿದ್ರಿ! ಸೌಮ್ಯ ಹಿಂದೆ ಮಲಗಿದ್ದಾಳಾ? ಏಳ್ಸಬೇಡಿ, ಏಳ್ಸಬೇಡಿ. ಬೆಳಗಿಂದ ಮೋರಿ ಅಡಿಗೇ ಇದ್ದೆ, ಕಲ್ಲು ತುಂಬ್ತಾ. ಹಳ್ಳದ ಗದ್ದಲಕ್ಕೆ ಎಂತದೂ ಕೇಳ್ತಿರ್ಲಿಲ್ಲ. ಈಗ ಗಟ್ಟಿ ಅದೆ. ತಡೀರಿ, ಟೊಂಗೆ ತೆಗೀತೆ. ನಾನೇ ನೆಟ್ಟದ್ದು, ಮಗಳು ದಾಟೋ ಮುಂಚೆ ಯಾವ ಲಾರಿನೂ ಬಂದು ಕೆಡಿಸಬಾರ್ದು ಅಂತ.”

ಅವನು ಟೊಂಗೆಗಳನ್ನು ಕಿತ್ತು ಹಳ್ಳಕ್ಕೆ ಎಸೆದ. ಹಿಮ್ಮುಖವಾಗಿ ನಡೆಯುತ್ತ ಎರಡೂ ಕೈ ಬೀಸಿ “ಬರ್ಲಿ, ಬರ್ಲಿ” ಎಂದ.

ಖಾಲಿ ಜೀಪು ಮೋರಿ ದಾಟಿತು. ಒಂದು ಕಲ್ಲೂ ಅಲುಗಲಿಲ್ಲ.